ಬೀರುವಿನಲ್ಲಿ ಕೂಗಿದ ಹುಂಜ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಮೊಳಕಾಲ್ಮುರಿನ ಮುಂಬೆಳಗು ಆಸ್ಪತ್ರೆಯ ಕಚೇರಿಯಲ್ಲಿ ಬೀರು ಕೂಗಿತು.

ಕಬ್ಬಿಣದ ಬೀರು. 'ಕೊಕ್ಕೊಕ್ಕೋ' ಎಂದೇ ಕೂಗಿತು. ಆ ಸದ್ದಿಗೆ ರಾಯದುರ್ಗದವರೆಗಿನ ಕೂಸುಗಳೆಲ್ಲ ಎದ್ದು ಕುಳಿತವು. ಮೂರು ದಿನದಿಂದ ಕಣ್ಣು ಬಿಡದೆ ಮಲಗಿದ್ದ ವಾರ್ಡಿನ ಅಜ್ಜ ಎದ್ದು ಕಾಫಿ ಕೇಳಿದ. ನಂಬದವರು ಅಜ್ಜನನ್ನೇ ವಿಚಾರಿಸಬಹುದು.

ಆಡಳಿತಾಧಿಕಾರಿ ಸ್ವಪ್ನ ಕೀ ತಿರುಗಿಸಿದಳು. ಕಾಲು ಕಟ್ಟಿದ ನಾಟಿ ಹುಂಜವೊಂದು ಫೈಲುಗಳ ಸಮೇತ ಉರುಳಿತು. ಉರುಳಿದ್ದು ಯಾರ ಬೂಟಿನ ಮೇಲೆ? ಚಳ್ಳಕೆರೆಯಿಂದ ಆಗಷ್ಟೇ ಬಂದಿಳಿದಿದ್ದ ಮಾಲೀಕ ಡಾಕ್ಟರ್ ರಾಮಾಂಜನೇಯರ ಬೂಟಿನ ಮೇಲೆ!

"ಅಂದ್ರೆ ಪತ್ರದಲ್ಲಿರೋದು ನಿಜ," ಎಂದರು ಡಾಕ್ಟರು. ಚಳ್ಳಕೆರೆ ಶಾಖೆಯ ದೂರು ಪೆಟ್ಟಿಗೆಯಲ್ಲಿ ಸಿಕ್ಕಿದ ಕಾಗದವನ್ನು ಎಲ್ಲರೆದುರೇ ಓದಿದರು.

'ನನ್ನ ಸೊಸೆಯ ಹೆರಿಗೆಗೆ ಹಾಸಿಗೆ ಬೇಕೆಂದರೆ ಸ್ವಪ್ನ ಮೇಡಂ ಲಂಚ ಕೇಳಿದರು. ಮೂವತ್ತೊಂದು ಸಾವಿರ ಸಂಬಳ ಸಾಲುವುದಿಲ್ಲವಂತೆ. ಮನೆಯಲ್ಲಿ ಸಾಕಿದ ಹುಂಜ ಕೊಟ್ಟೆ. ಬೀರುವಿನಲ್ಲಿ ಇಟ್ಟುಕೊಂಡರು. ಇಂತಿ, ಬಿ.ಜಿ. ಕೆರೆ ಪಕ್ಕದ ಹಟ್ಟಿಯ ಯತ್ತಪ್ಪ.'

ಸ್ವಪ್ನಳ ತಲೆ ಬಾಗಿತು. ಲಂಚದ ಮಾತಿಗಿಂತ ಮೊದಲು ಅವಳನ್ನು ಬಗ್ಗಿಸಿದ್ದು ಆ ಸಂಬಳದ ಮಾತು.

ಅವಳದೂ ಎರಡು ವರ್ಷದ ಹಿಂದೆ ದಾವಣಗೆರೆಯಿಂದ ಬಂದು ಚಳ್ಳಕೆರೆ ಶಾಖೆ ಸೇರಿದ ಗೋವರ್ಧನನದೂ ಒಂದೇ ಹುದ್ದೆ, ಒಂದೇ ಕೆಲಸ. ಅವನಿಗೆ ನಲವತ್ತೆಂಟು ಸಾವಿರ, ಅವಳಿಗೆ ಮೂವತ್ತೊಂದು. ಐವತ್ತು ಕಿಲೋಮೀಟರ್ ದಾರಿಯಲ್ಲಿ ಹದಿನೇಳು ಸಾವಿರ ಆವಿಯಾಗುತ್ತಿತ್ತು! ಇಬ್ಬರಿಗೂ ಸಮನಾಗಿ ನಲವತ್ತು ಮಾಡುವ ಆದೇಶಕ್ಕೆ ಸಹಿ ಹಾಕಲೆಂದೇ ಡಾಕ್ಟರು ಗೋವರ್ಧನನನ್ನು ಕರೆದುಕೊಂಡು ಬಂದಿದ್ದರು.

"ಆದೇಶ ಹಾಗಿರಲಿ. ಸಂಜೆಯೊಳಗೆ ರಾಜೀನಾಮೆ ಕೊಡಮ್ಮ."

"ನಿಲ್ರಿ, ಡಾಕ್ಟರ್ ಸಾಬ್!"

ಬಾಗಿಲಲ್ಲಿ ಬಷೀರುನ್ನೀಸಾ ನಿಂತಿದ್ದಳು. ಇಪ್ಪತ್ತೆರಡು ವರ್ಷದಿಂದ ಚೀಟಿ ಕೌಂಟರಿನ ರಾಣಿ. ರೋಗಿ ಗೇಟಿನಾಚೆ ಕೆಮ್ಮಿದರೆ ಸಾಕು, ಊರು, ಕೇರಿ, ಅವನ ಮೇಕೆಗಳ ಸಂಖ್ಯೆ ಹೇಳಿಬಿಡುವ ಹೆಂಗಸು.

"ಮಧ್ಯಾಹ್ನದ ನಮಾಜ್ ಒಳಗೆ ಕಳ್ಳನ್ನ ಹಿಡ್ಕೊಡ್ತೀನಿ. ಇಲ್ಲಾಂದ್ರೆ ನನ್ ರಾಜೀನಾಮೇನೂ ತಗೊಳ್ರಿ."

* * *

ಬೀರುವಿನ ಇನ್ನೊಂದು ಕೀ ಕಾವಲುಗಾರ ಸೂರಪ್ಪನ ಬಳಿ ಇರುತ್ತಿತ್ತು. ಸೂರಪ್ಪ ಗೇಟಿನಾಚೆ ಬೇವಿನ ಮರಕ್ಕೆ ಅಂಟಿಕೊಂಡು ನಿಂತಿದ್ದ. ಕರೆದರೆ ಒಳಗೆ ಬರಲೊಲ್ಲ.

"ನೋಡಿ ಸಾರ್, ಹೆಂಗೆ ನಡುಗ್ತಿದಾನೆ! ಇವನೇ ಮೇಡಂಗೆ ಸಾಥ್ ಕೊಟ್ಟಿರೋದು," ಎಂದ ಗೋವರ್ಧನ.

ಬಷೀರುನ್ನೀಸಾ ಮರದ ಬುಡಕ್ಕೇ ಹೋದಳು. "ಯಾಕಲೇ ಸೂರಪ್ಪ, ಒಳಗ್ ಬರಲ್ಲ?"

"ಅಮ್ಮೋ, ಕೋಳಿ ಐತಲ್ಲ ಬಷೀರಕ್ಕ! ನಮ್ಮ ಮ್ಯಾಸ ನಾಯಕರ ಹಟ್ಟೀಲಿ ಕೋಳಿ ಸಾಕಲ್ಲ, ತಿನ್ನಲ್ಲ, ಮುಟ್ಟಲ್ಲ. ನಮ್ಮವ್ವಂಗೆ ಗೊತ್ತಾದ್ರೆ ಮನೆ ಒಳಕ್ಕೇ ಸೇರ್ಸಲ್ಲ."

"ಯತ್ತಪ್ಪ?"

"ನಮ್ಮ ಮಾವ! ನಮ್ಮ ಹಟ್ಟಿ ಗುಡೀಲೇ ದೀಪ ಹಚ್ಚೋನು."

ಬಷೀರುನ್ನೀಸಾಳ ಕಣ್ಣು ಮಿಂಚಿತು. ಆ ಮಿಂಚಿಗೆ ಊರಿನ ಟ್ರಾನ್ಸ್‌ಫಾರ್ಮರ್ ಒಂದು ಗಳಿಗೆ ನಾಚಿತಂತೆ.

"ನಿನ್ನೆ ಕೀ ಯಾರ್ ಕೇಳಿದ್ರು?"

"ಇಬ್ರು. ನರ್ಸ್ ಶಿಲ್ಪಮ್ಮ, ಆಮೇಲೆ ಗೋವರ್ಧನ ಸಾರು. ಔಷಧಿ ಪಟ್ಟಿ ನೋಡ್ಬೇಕು ಅಂತ ಚಳ್ಳಕೆರೆಯಿಂದ ಬಂದಿದ್ರು. ಕೈಯಾಗೆ ರಟ್ಟಿನ ಡಬ್ಬ ಇತ್ತು."

"ಡಬ್ಬದಾಗೆ ಏನಿತ್ತು?"

"ನಂಗೇನ್ ಗೊತ್ತು? ಔಷಧಿ ಅಂದ್ಕೊಂಡೆ."

* * *

ಹನ್ನೆರಡು ಗಂಟೆಗೆ ಎಲ್ಲರೂ ಕಚೇರಿಯಲ್ಲಿ ಸೇರಿದರು. ಸೂರಪ್ಪ ಮಾತ್ರ ಕಿಟಕಿಯಾಚೆಯೇ ನಿಂತ. ಹುಂಜ ಮೇಜಿನ ಕೆಳಗೆ ನ್ಯಾಯಾಧೀಶನ ಗತ್ತಿನಲ್ಲಿ ಕುಳಿತಿತ್ತು.

"ಗೋವರ್ಧನ ಸಾರ್, ಬಡವನ ಹುಂಜ. ಯತ್ತಪ್ಪಂಗೆ ವಾಪಸ್ ಮುಟ್ಟಿಸ್ಬೇಕಲ್ಲ?"

"ನಂಗೆ ಕೊಡಮ್ಮ. ಬಿ.ಜಿ. ಕೆರೆ ದಾರೀಲೇ ಸಿಗುತ್ತೆ. ಮನೆ ಬಾಗಿಲಿಗೇ ಕೊಟ್ಟು ಹೋಗ್ತೀನಿ."

ನರ್ಸ್ ಶಿಲ್ಪ ಬಾಯಿ ಮುಚ್ಚಿಕೊಂಡಳು. "ಅಯ್ಯೋ ಸಾರ್! ಆ ಹಟ್ಟಿಗೆ ಕೋಳಿ ತಗೊಂಡ್ ಹೋಗ್ತೀರಾ? ಸೀಮೆ ದಾಟೋವರ್ಗೂ ಅಟ್ಟಿಸ್ಕೊಂಡ್ ಬರ್ತಾರೆ!"

"ಕೇಳಿಸ್ತಾ ಸಾಬ್?" ಬಷೀರುನ್ನೀಸಾ ಡಾಕ್ಟರತ್ತ ತಿರುಗಿದಳು. "ಅಲ್ಲಿ ಒಂದ್ ಪುಕ್ಕಾನೂ ಸಿಗಲ್ಲ. ಇನ್ನ ಸಾಕಿದ ಹುಂಜ ಎಲ್ಲಿಂದ ಬಂತು? ಪತ್ರ ಬರ್ದೋನು ರಿಜಿಸ್ಟರ್‌ನಾಗೆ ಯತ್ತಪ್ಪನ ಹೆಸರು ನೋಡಿದಾನೆ, ಯತ್ತಪ್ಪನ್ನ ನೋಡಿಲ್ಲ. ಈ ಶಿಲ್ಪ ಇಲ್ಲಿ ಹುಟ್ಟಿದೋಳು, ಈ ತಪ್ಪು ಮಾಡಲ್ಲ. ದಾವಣಗೆರೆಯಿಂದ ಬಂದು ಎರಡೇ ವರ್ಷ ಆಗಿರೋರು ಮಾಡ್ತಾರೆ."

ಗೋವರ್ಧನ ನಕ್ಕ. "ಪದ್ಧತಿ ಗೊತ್ತಿಲ್ಲ ಅಂದ್ರೆ ಕಳ್ಳನಾ?"

"ಅಲ್ಲ ಬಿಡ್ರಿ. ಶಿಲ್ಪ, ಮೇಡಂ ಸಂಬಳ ಎಷ್ಟು ಅಂದ್ಕೊಂಡಿದ್ದೆ?"

"ನಲವತ್ತೈದು ಸಾವಿರ. ಮೇಡಮ್ಮೇ ಹೇಳಿದ್ರು."

ಸ್ವಪ್ನ ತಲೆಯೆತ್ತಲಿಲ್ಲ. "ನಾಚಿಕೆಗೆ ಹೇಳಿದ್ದೆ, ಬಷೀರಮ್ಮ. ನಮ್ಮವ್ವಂಗೂ ಅಷ್ಟೇ ಹೇಳಿದೀನಿ."

"ಹೆತ್ತ ತಾಯಿಗೆ ಗೊತ್ತಿಲ್ಲ, ಇಪ್ಪತ್ತೆರಡು ವರ್ಷದಿಂದ ಇಲ್ಲಿರೋ ನಂಗೂ ಗೊತ್ತಿಲ್ಲ. ಹಟ್ಟಿ ಯತ್ತಪ್ಪಂಗೆ ಮೂವತ್ತೊಂದು ಅಂತ ಯಾರು ಹೇಳಿದ್ರು? ಎರಡೂ ಶಾಖೆ ಸಂಬಳದ ಪಟ್ಟಿ ಮಾಡೋರು ಒಬ್ರೇ. ಸಮ ಮಾಡಿದ್ರೆ ಎಂಟು ಸಾವಿರ ಕಳ್ಕೊಳ್ಳೋರೂ ಅವರೇ. ಮೇಡಮ್ಮನ್ನ ಓಡಿಸಿದ್ರೆ ಸಮ ಮಾಡೋಕೆ ಯಾರಿರ್ತಾರೆ?"

ಮೇಜಿನ ಕೆಳಗಿನ ಹುಂಜವೂ ಉಸಿರು ಬಿಗಿಹಿಡಿಯಿತು. ಗೋವರ್ಧನನ ಹಣೆಯಿಂದ ಹರಿದ ಬೆವರಿನಲ್ಲಿ ಎರಡೆಕರೆ ಶೇಂಗಾ ಬೆಳೆಯಬಹುದಿತ್ತು.

"ಚಳ್ಳಕೆರೆ ದೊಡ್ಡ ಊರು ಸಾರ್!" ಎಂದು ಕೊನೆಗೆ ಒದರಿದ. "ಅಲ್ಲಿ ಬಾಡಿಗೆ ಜಾಸ್ತಿ, ಖರ್ಚು ಜಾಸ್ತಿ! ಈ ಮೂಲೇಲಿರೋಳಿಗೂ ನಂಗೂ ಒಂದೇ ಸಂಬಳನಾ?"

"ಅದನ್ನ ಬಾಯಿಬಿಟ್ಟು ಕೇಳಿದ್ರೆ ಯೋಚನೆ ಮಾಡ್ತಿದ್ದೆ. ಕೋಳಿ ಬಚ್ಚಿಟ್ಟು ಕೇಳಿದೀಯ," ಎಂದರು ಡಾಕ್ಟರು. "ನಡಿ ಆಚೆ. ಮುಂದಿಂದು ಪೊಲೀಸ್ ಠಾಣೇಲಿ ಮಾತಾಡೋಣ."

ಆದೇಶದಲ್ಲಿದ್ದ ನಲವತ್ತನ್ನು ಹೊಡೆದುಹಾಕಿ ನಲವತ್ತೆಂಟು ಎಂದು ಬರೆದರು. ಸಹಿ ಗೀಚಿದರು. "ಕ್ಷಮಿಸಮ್ಮ ಸ್ವಪ್ನ. ಈ ತಿಂಗಳಿಂದಲೇ."

ಸ್ವಪ್ನ ಅಳುತ್ತ ನಕ್ಕಳು. ಚಪ್ಪಾಳೆಯ ಸದ್ದಿಗೆ ನಾಯಕನಹಟ್ಟಿಯಲ್ಲಿ ಗುಡುಗೆಂದು ತಿಳಿದು ಬಟ್ಟೆ ಒಳಗೆ ತಂದರಂತೆ.

ಡಾಕ್ಟರು ಪೆನ್ನು ಮುಚ್ಚುತ್ತಿದ್ದರು. ಬಷೀರುನ್ನೀಸಾ ಸೆರಗು ಸರಿಮಾಡಿಕೊಂಡು ಎದುರಿನ ಕುರ್ಚಿಯಲ್ಲಿ ಆರಾಮಾಗಿ ಕುಳಿತಳು.

"ಮುಚ್ಚಬ್ಯಾಡ್ರಿ ಸಾಬ್. ಚಳ್ಳಕೆರೆ ಚೀಟಿ ಕೌಂಟರಿನೋಳಿಗೆ ಎಷ್ಟು ಕೊಡ್ತೀರಿ, ಹೇಳ್ರಿ ನೋಡಾಣ."