ನಮ್ಮ ರಕ್ತ, ನಿಮ್ಮ ವಂಶ

"ಪೇಷೆಂಟ್ ಎಲ್ಲಿ? ನಿಮ್ಮ ತಂಗೀನ ಕರೀರಿ, ರಕ್ತ ತಗೋಬೇಕು," ಎಂದಳು ಮಾಲಿನಿ.

ಅರಸೀಕೆರೆಯ ಕೊಬ್ಬರಿ ಮಂಡಿಯ ನೆರಳಲ್ಲಿ ಕುಳಿತಿದ್ದ ಶರತ್ಚಂದ್ರ ತಲೆ ಎತ್ತಿದ. ಸುಡುಬೇಸಿಗೆಯಲ್ಲೂ ತುಂಬು ತೋಳಿನ ಅಂಗಿ. ಎರಡೂ ಕೆನ್ನೆಗಳ ಮೇಲೆ ಹರಡಿದ ಕೆಂಪು.

"ಪೇಷೆಂಟ್ ನಾನೇ ಕಣ್ರೀ. ಗಂಡಸ್ರಿಗೆ ಬರಬಾರದಾ?"

ಮಾಲಿನಿಗೆ ನಾಚಿಕೆಯಾಯಿತು. ಲೂಪಸ್... ದೇಹವನ್ನು ಕಾಯಬೇಕಾದ ಶಕ್ತಿಯೇ ದೇಹದ ಮೇಲೆ ತಿರುಗಿ ಬೀಳುವ ಕಾಯಿಲೆ. ಹೆಚ್ಚಾಗಿ ಹೆಂಗಸರಿಗೇ ಬರುತ್ತದೆ, ನಿಜ. ಹಾಗಂತ ಓದಿಕೊಂಡವಳು ಹೀಗೆ ಕೇಳಬಹುದೇ?

ಅದು ಎರಡು ಸಾವಿರದ ಆರನೇ ಇಸವಿ. ಯಾವ ವಂಶವಾಹಿ ಈ ಕಾಯಿಲೆಯ ಅಪಾಯ ಹೆಚ್ಚಿಸುತ್ತದೆ, ಅದು ಎಲ್ಲ ಜನಾಂಗಗಳಲ್ಲೂ ಒಂದೇನಾ ಎಂದು ಹುಡುಕುವ ಸಂಶೋಧನೆಗೆ ರಕ್ತದ ಮಾದರಿ ಸಂಗ್ರಹಿಸುವುದು ಬೇಲೂರಿನ ಮಾಲಿನಿಯ ಕೆಲಸವಾಗಿತ್ತು.

ಹೆಂಗಸರ ಕಾಯಿಲೆ ಎಂದು ಜನ ನಕ್ಕಿದ್ದಕ್ಕೆ ಶರತ್ ಮಾತನ್ನೇ ಕಡಿಮೆ ಮಾಡಿದ್ದ. ಅವಳ ಹತ್ತಿರ ಮಾತ್ರ ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತಿದ್ದ. ಮಾದರಿಗೆಂದು ಬರುತ್ತಿದ್ದವಳು ಆಮೇಲೆ ಸುಮ್ಮನೆಯೂ ಬರತೊಡಗಿದಳು. ಬಿಸಿಲು ಅವನಿಗೆ ಆಗದು. ಹೊತ್ತು ಇಳಿದ ಮೇಲೆ ಹಳೇಬೀಡಿನ ಕೆರೆ ಏರಿಯ ಮೇಲೆ ನಡೆಯುತ್ತಿದ್ದರು. ಯುರೋಪಿನವರಲ್ಲಿ ಅಪಾಯ ತರುವ ವಂಶವಾಹಿಯ ಒಂದು ರೂಪ ಏಷ್ಯಾದವರಲ್ಲಿ ಕಾಣುವುದೇ ಅಪರೂಪ ಎಂದು ಅವಳು ವಿವರಿಸುತ್ತಿದ್ದಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ.

ಒಂದು ಸಂಜೆ ಕೇಳಿದ, "ಮುಂದೆ ನಮಗೆ ಮಕ್ಕಳಾದ್ರೆ... ಅವಕ್ಕೆ ಬರೋ ಅಪಾಯ ಎಷ್ಟು?"

ನಮಗೆ! ಅವಳ ಎದೆ ಹಾರಿತು. ಆದರೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಗೊತ್ತಿಲ್ಲ ಶರತ್. ಇರೋ ಲೆಕ್ಕ ಎಲ್ಲಾ ಬೇರೆ ದೇಶದವ್ರದ್ದು. ನಮ್ಮ ಜನರದ್ದು ಇನ್ನೂ ಯಾರೂ ಸರಿಯಾಗಿ ನೋಡಿಲ್ಲ."

ಅವನು ಕೆರೆಯ ಕಡೆ ಮುಖ ತಿರುಗಿಸಿದ.

"ಹಂಗಾದ್ರೆ ಬೇಡ ಬಿಡು. ನಮ್ಮ ರಕ್ತ ನಿಮ್ಮ ವಂಶಕ್ಕೆ ಸೇರೋದು ಬೇಡ."

ಮಾಲಿನಿಗೆ ಚುರುಕ್ಕೆಂದಿತು. ನಮ್ಮ... ನಿಮ್ಮ... ಅವಳ ತಾತ ಗಿಡ್ಡಯ್ಯ ಜೀವಮಾನವಿಡೀ ಶರತ್‌ನಂಥ ಮೇಲ್ಜಾತಿಯವರ ಮನೆಗಳ ಬಾಗಿಲಾಚೆಯೇ ನಿಂತವನು. ಅಪ್ಪ ಲಕ್ಷ್ಮೀಶ ಬುದ್ಧನನ್ನು ನಂಬಿ, ಓದಿ, ಬೇಲೂರಿನಲ್ಲಿ ನೌಕರಿ ಹಿಡಿದವನು. ಇಷ್ಟಾದರೂ ಅದೇ ಮಾತು, ಅದೂ ಇವನ ಬಾಯಲ್ಲಿ!

ನೇರ ಹೋಗಿ ಬೇಲೂರಿನ ಬಸ್ಸು ಹತ್ತಿದಳು.

ಅಲ್ಲಿಂದಾಚೆಗೆ ಯಾವುದೂ ನೆಟ್ಟಗಾಗಲಿಲ್ಲ. ಅರಸೀಕೆರೆಯ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಟ್ಟಳು. ಕರೆಂಟು ಹೋಗಿ ಫ್ರಿಜ್‌ನಲ್ಲಿದ್ದ ಮಾದರಿಗಳು ಕೆಟ್ಟವು. ಫಲಿತಾಂಶ ಯಾವಾಗ ಎಂದರೆ ಮೇಲಿನವರು ಮುಂದಿನ ವರ್ಷ ಎಂದರು. ಅವನ ಪ್ರಶ್ನೆಗೊಂದು ಉತ್ತರ ಹುಡುಕಿ ಕೊಡಲಾರದ ಈ ಕೆಲಸ ಯಾಕಾದರೂ ಬೇಕು? ಅವನ ಮೇಲೆ ಕೋಪ, ಅವನನ್ನು ಮರೆಯಲಾಗದ ತನ್ನ ಮೇಲೆ ಇನ್ನೂ ಕೋಪ.

ಹೀಗೇ ಮೂರ್ನಾಲ್ಕು ತಿಂಗಳು ಕಳೆದ ಮೇಲೆ ಶರತ್‌ನ ತಾಯಿ ಗುರುಸಿದ್ದಮ್ಮನ ಫೋನ್ ಬಂತು. ಮಗ ಮಾತ್ರೆ ಬಿಟ್ಟಿದ್ದಾನೆ, ಕಾಲು ಬಾತಿದೆ ಎಂದರು.

"ಜಾತಿ ಬೇರೆ ಅನ್ನೋದು ನನ್ನ ಮನಸ್ಸಲ್ಲೂ ಐತೆ ಕಣವ್ವ, ಸುಳ್ಳು ಹೇಳಕಿಲ್ಲ. ಆದ್ರೆ ಅವನು ಕೇಳೋದು ನಿನ್ನ ಮಾತೊಂದೇ. ಒಂದ್ಸಲ ಬಂದೋಗು."

ಮಾಲಿನಿ ಹೋದಳು, ಕುದಿಯುತ್ತಲೇ. ಮಂಚದ ಮೇಲಿದ್ದವನ ಊದಿದ ಮುಖ ಕಂಡು ಕಣ್ಣು ತುಂಬಿತು. ಆದರೂ ಕೇಳಿಯೇಬಿಟ್ಟಳು.

"ನನ್ನ ಜಾತಿ ಬೇಡ ಅನ್ನೋದಾದ್ರೆ ನೇರವಾಗಿ ಹೇಳಬೇಕಿತ್ತು. ರಕ್ತ, ವಂಶ ಅಂತ ಯಾಕೆ ಸುತ್ತಿ ಹೇಳಿದ್ರಿ?"

ಅವನು ದಿಗ್ಭ್ರಮೆಯಿಂದ ಎದ್ದು ಕುಳಿತ.

"ಜಾತಿನಾ? ಮಾಲಿನಿ... ಕೆಟ್ಟಿರೋದು ನನ್ನ ರಕ್ತ. ಅದು ನಿಮ್ಮನೆಗೆ ಬರಬಾರದು ಅಂದೆ. ನೀನು ಗೊತ್ತಿಲ್ಲ ಅಂದಾಗ, ಕಾಯಿಲೆಯವನು ಬೇಡ ಅಂತ ಮೆತ್ತಗೆ ಹೇಳ್ತಿದೀಯ ಅನ್ಕೊಂಡೆ."

ಅವಳು ಮಂಚದ ಅಂಚಿನಲ್ಲಿ ಕುಳಿತಳು. ಇಷ್ಟು ತಿಂಗಳು... ಇದಕ್ಕಾ?

"ಮಕ್ಕಳಿಗೆ ಬರಬಹುದು, ಬರದೇನೂ ಇರಬಹುದು. ಅದು ಇವತ್ತಿಗೂ ನನಗೆ ಗೊತ್ತಿಲ್ಲ," ಎಂದಳು ಕೊನೆಗೆ. "ನಿಮ್ಮನ್ನ ಬಿಟ್ಟಿರಕ್ಕಾಗಲ್ಲ ಅನ್ನೋದು ಗೊತ್ತಿತ್ತು. ಅದನ್ನ ಹೇಳ್ಲಿಲ್ಲ."

"ಅಮ್ಮ ಒಪ್ಪೋದು ಕಷ್ಟ ಐತೆ."

"ನಮ್ಮಪ್ಪನೂ ಅಷ್ಟೇ. ಇಬ್ಬರೂ ಸೇರಿ ಕೇಳೋಣ. ಅದಕ್ಕೆ ಮೊದಲು ನೀವು ಬದುಕಿರಬೇಕಲ್ಲ, ಮಾತ್ರೆ ತಗೊಳ್ಳಿ."

ಅವನು ಅಂಗೈ ಚಾಚಿದ. ಅವಳು ಮಾತ್ರೆಯಿಟ್ಟಳು. ಅವನ ಬೆರಳುಗಳು ಅವಳ ಕೈಯನ್ನೂ ಹಿಡಿದುಕೊಂಡವು.

"ಬಿಟ್ಟಿರಕ್ಕಾಗಲ್ಲ ಅಂದ್ಯಲ್ಲ, ಇನ್ನೊಂದ್ಸಲ ಹೇಳು."

"ನುಂಗಿ ಮೊದಲು," ಎಂದಳು, ಕಣ್ಣೊರೆಸಿಕೊಳ್ಳುತ್ತಾ. "ಆಮೇಲೆ ಎಷ್ಟು ಸಲ ಬೇಕಾದ್ರೂ ಹೇಳ್ತೀನಿ."