ತುಹಿನಪುರದ ಬಿಸಿಲುಮನೆ

ಬಹಳ ಹಿಂದೆ, ಬಡಗಣ ಬೆಟ್ಟಗಳ ಮಡಿಲಲ್ಲಿ ತುಹಿನಪುರವೆಂಬ ರಾಜ್ಯವಿತ್ತು. ಧವಳರಾಯನೆಂಬ ಅರಸ ಅದನ್ನು ಆಳುತ್ತಿದ್ದ. ಅವನ ರಾಣಿ ಸೋಮಲೆಗೆ ಗಿಡಗಳೆಂದರೆ ಪ್ರಾಣ. ಆದರೆ ಅಲ್ಲಿ ಹೊರಗೆ ನೆಟ್ಟದ್ದೆಲ್ಲ ಮಾಗಿಯ ಚಳಿಗೆ ಮುರುಟಿಹೋಗುತ್ತಿತ್ತು. ಅದಕ್ಕೆಂದೇ ಅವಳು ಅರಮನೆಯ ತೆಂಕಣ ಮಗ್ಗುಲಿಗೆ ಗಾಜಿನ ಗೋಡೆ, ಗಾಜಿನ ಮಾಡು ಇರುವ ಒಂದು ಕೋಣೆ ಕಟ್ಟಿಸಿದ್ದಳು. ಜನ ಅದನ್ನು ಬಿಸಿಲುಮನೆ ಎನ್ನುತ್ತಿದ್ದರು.

ಒಂದು ದಿನ ಹಿಮಕೇತುವೆಂಬ ಮಾಂತ್ರಿಕ ಆಸ್ಥಾನಕ್ಕೆ ಬಂದು, ಸಿಂಹಾಸನ ಬಿಟ್ಟುಕೊಡು ಎಂದು ಕೇಳಿದ. ಅರಸ ಒಪ್ಪಲಿಲ್ಲ. ಹಿಮಕೇತು ದನಿ ಏರಿಸಲಿಲ್ಲ.

"ಇಂದಿನಿಂದ ನಿನ್ನ ನಾಡಿಗೆ ಮಾಗಿಯೊಂದೇ ಕಾಲ. ಕೊನೆಯ ಹಸಿರೆಲೆ ಬಾಡಿದ ದಿನ ಈ ಪೀಠ ನನ್ನದು. ಯುಗಾದಿಯ ಸೂರ್ಯ ಹುಟ್ಟುವಾಗ ಒಂದೆಲೆ ಉಳಿದಿದ್ದರೂ ನನ್ನ ಮಂತ್ರ ನನ್ನನ್ನೇ ತಿನ್ನಲಿ" ಎಂದು ಆಣೆಯಿಟ್ಟು ಹೋದ.

ಹಿಮ ಸುರಿಯಿತು. ಪೈರು ಸತ್ತಿತು, ಕಾಡು ಬೋಳಾಯಿತು. ಆ ಚಳಿಯಲ್ಲೇ ಜ್ವರ ಬಂದು ರಾಣಿ ಸೋಮಲೆ ತೀರಿಕೊಂಡಳು. ಅವಳ ಒಬ್ಬಳೇ ಮಗಳು ಪದ್ಮಲೆ ಅನ್ನ ಬಿಟ್ಟು, ಮಾತು ಬಿಟ್ಟು ಮೂಲೆ ಹಿಡಿದಳು.

ಅವಳನ್ನು ಎತ್ತಿ ಆಡಿಸಿದ ದಾದಿ ಗುಜ್ಜವ್ವ ಒಂದು ಬೆಳಿಗ್ಗೆ ಬಂದು ಕೈಹಿಡಿದು ಎಬ್ಬಿಸಿದಳು. "ನಿಮ್ಮವ್ವನ ಗಿಡಕ್ಕೆ ನೀರು ಹಾಕೋರಿಲ್ಲ ಮಗಾ. ಅಳೋದಿದ್ರೆ ಅಲ್ಲೇ ಕೂತು ಅಳು" ಎಂದಳು.

ಪದ್ಮಲೆ ಬಿಸಿಲುಮನೆಗೆ ಹೋಗಿ ಅತ್ತಳು. ಅತ್ತು ಮುಗಿದ ಮೇಲೆ ನೀರು ಹಾಕಿದಳು. ಮಂತ್ರದ ಮೋಡದ ನಡುವೆಯೂ ನಡುಹಗಲಲ್ಲಿ ಒಂದಿಷ್ಟು ಹೊತ್ತು ಬಿಸಿಲು ಬೀಳುತ್ತಿತ್ತು. ಗಾಜು ಆ ಬಿಸಿಲನ್ನು ಒಳಗೆ ಹಿಡಿದಿಡುತ್ತಿತ್ತು. ಅವಳು ಕುಂಡಗಳನ್ನು ದಿನವೂ ತುಸು ತಿರುಗಿಸಿ ಎಲ್ಲ ಮಗ್ಗುಲಿಗೂ ಬಿಸಿಲು ತಾಗಿಸಿದಳು. ನೀರಿನ ಚಳಿ ಬಿಟ್ಟ ಮೇಲೆ ಬೇರಿಗೆ ಹನಿಸಿದಳು. ಒದ್ದೆ ಬಟ್ಟೆಯಿಂದ ನಿಂಬೆಯ ಎಲೆಗಳ ಧೂಳು ಒರೆಸಿದಳು. ಮೆಂತ್ಯ ಬಿತ್ತಿದಳು. ಕಾಳು ಬಾಯಿಬಿಟ್ಟು, ಸಿಪ್ಪೆಯನ್ನು ತಲೆಯ ಮೇಲೆ ಹೊತ್ತುಕೊಂಡೇ ಮೊಳಕೆ ಮಣ್ಣಿನಿಂದ ಎದ್ದು ನಿಂತಿತು. ಅದನ್ನು ನೋಡುತ್ತ ಕೂತ ಹುಡುಗಿಗೆ ಹೊರಗಿನ ಹಿಮ ಮರೆತೇ ಹೋಯಿತು. ಅವ್ವ ಸತ್ತ ಮೇಲೆ ಅವಳಿಗೆ ಹಸಿವಾದದ್ದು ಅಂದೇ.

ಬಿಸಿಲುಮನೆಯಲ್ಲಿ ಹಸಿರಿದೆಯೆಂಬ ಸುದ್ದಿ ಹಿಮಕೇತುವಿಗೆ ಮುಟ್ಟಿತು. ಅವನು ಮೊದಲು ಹಿಮದಿಂದ ಮಾಡಿದ ಬಿಳಿತೋಳವೊಂದನ್ನು ಕಳಿಸಿದ. ಅದು ಗಾಜಿನ ಸುತ್ತ ಸುತ್ತುತ್ತ ಉಸಿರು ಬಿಟ್ಟರೆ ಒಳಗಿನ ನೀರೂ ಹೆಪ್ಪುಗಟ್ಟುತ್ತಿತ್ತು. ಪದ್ಮಲೆಯೂ ಗುಜ್ಜವ್ವನೂ ಅಡುಗೆಮನೆಯ ಒಲೆಯಲ್ಲಿ ಕಲ್ಲು ಕಾಯಿಸಿ ತಂದು ಕುಂಡಗಳ ನಡುವೆ ಇಟ್ಟರು. ಆರಿದ ಕಲ್ಲನ್ನು ಒಯ್ದು ಮತ್ತೆ ಕಾಯಿಸಿದರು. ತೋಳದ ಉಸಿರು ತೀರುವವರೆಗೂ ಅವರು ನಿಲ್ಲಲಿಲ್ಲ. ಉಸಿರು ತೀರಿದ ತೋಳ ಹುಡಿಹಿಮವಾಗಿ ಉದುರಿತು.

ಎರಡನೆಯ ಸಲ ಹಿಮದ ಪತಂಗಗಳು ಬಂದವು. ಬಾಗಿಲ ಸಂದಿಯಲ್ಲಿ ನುಸುಳಿ, ಕೂತ ಎಲೆಯನ್ನೆಲ್ಲ ಕಪ್ಪಾಗಿಸಿದವು. ಮೈಯ ಬಿಸಿಗೆ ಮಾತ್ರ ಅವು ಕರಗುತ್ತಿದ್ದವು. ಪದ್ಮಲೆ ಒಂದೊಂದನ್ನೇ ಬೆರಳಿನಲ್ಲಿ ಹಿಡಿದು ಕರಗಿಸಿದಳು. ಕೊನೆಯದು ಕರಗುವ ಹೊತ್ತಿಗೆ ಅವಳ ಬೆರಳುಗಳ ತುದಿ ಮರಗಟ್ಟಿತ್ತು. ಮೆಂತ್ಯ ಪೂರಾ ಸತ್ತಿತ್ತು. ಅವ್ವನ ನಿಂಬೆ ಮತ್ತು ದೊಡ್ಡಪತ್ರೆಯ ಪೊದೆ ಉಳಿದಿದ್ದವು.

ಎಲ್ಲ ಹಸಿರೂ ಒಂದೇ ಕೋಣೆಯಲ್ಲಿದ್ದರೆ ಒಂದೇ ಪೆಟ್ಟಿಗೆ ಹೋಗುತ್ತದೆಂದು ಪದ್ಮಲೆಗೆ ಆಗ ತಿಳಿಯಿತು. ಅವಳು ದೊಡ್ಡಪತ್ರೆಯ ಕುಡಿಗಳನ್ನು ಮುರಿದು, ಮಡಕೆಚೂರಿನಲ್ಲಿ ಮಣ್ಣು ತುಂಬಿ ನೆಟ್ಟು, ಊರಿನ ಮನೆಮನೆಗೂ ಕೊಟ್ಟಳು. ಬಿಸಿಲು ಬೀಳುವ ಕಿಟಕಿಯಲ್ಲಿಡಿ, ಸಂಜೆಗೆ ಒಲೆಯ ಹತ್ತಿರ ತನ್ನಿ, ಕೈಮುಗಿಯುತ್ತೇನೆ ಎಂದು ಕೇಳಿಕೊಂಡಳು. ಜನ ಆ ಕುಡಿಗಳನ್ನು ಹಸುಗೂಸಿನಂತೆ ನೋಡಿಕೊಂಡರು.

ಒಲೆ ಉರಿಯುವ ಕೋಣೆಗೆ ಹಿಮಕೇತು ಕಾಲಿಡಲಾರ; ಊರಿನ ಮನೆಗಳೆಲ್ಲ ಒಲೆಯಿರುವ ಒಂದೇ ಕೋಣೆಯವು. ಆದ್ದರಿಂದ ಯುಗಾದಿಯ ಹಿಂದಿನ ದಿನ, ನಡುಹಗಲಲ್ಲಿ, ಅವನೇ ಬಿಸಿಲುಮನೆಯ ಮುಂದೆ ಬಂದು ನಿಂತ. ಅವನ ಪಕ್ಕದಲ್ಲಿ ಸೋಮಲೆ ನಿಂತಿದ್ದಳು. ಮಂಜಿನಷ್ಟು ಬೆಳ್ಳಗೆ, ಕಣ್ಣುಮುಚ್ಚಿ.

"ಇದು ಸುಳ್ಳಲ್ಲ" ಎಂದ ಹಿಮಕೇತು. "ಇವಳಿಗೆ ಉಸಿರು ಕೊಡಬಲ್ಲೆ. ಕೊಟ್ಟ ಕುಡಿಗಳನ್ನೆಲ್ಲ ಮರಳಿ ತರಲು ಊರಿಗೆ ಅಪ್ಪಣೆ ಮಾಡು, ಅಷ್ಟು ಸಾಕು."

ಪದ್ಮಲೆ ಗಾಜಿಗೆ ಹಣೆಯೊತ್ತಿ ತಾಯಿಯ ಮುಖವನ್ನು ಬಹಳ ಹೊತ್ತು ನೋಡಿದಳು. ಕೂಗಿದರೆ ಕಣ್ಣು ತೆರೆದಾಳೇನೋ ಎನ್ನಿಸಿತು. ಕೂಗಲಿಲ್ಲ.

"ಅವ್ವ ನನಗೊಬ್ಬಳಿಗೇ ಬೇಕು. ಹಸಿರು ಊರಿಗೆಲ್ಲ ಬೇಕು" ಎಂದಳು. "ಅವಳನ್ನು ಮಲಗಲು ಬಿಡು."

ಹಿಮಕೇತು ದಂಡವನ್ನು ಬೀಸಿದ. ಬಿಸಿಲುಮನೆಯ ಗಾಜೆಲ್ಲ ಒಮ್ಮೆಗೇ ಒಡೆದು ಬಿತ್ತು. ಸೋಮಲೆಯ ರೂಪ ಗಾಳಿಯಲ್ಲಿ ಚದುರಿಹೋಯಿತು. ಪದ್ಮಲೆ ನಿಂಬೆಗಿಡವನ್ನು ಸೆರಗಿನಲ್ಲಿ ಸುತ್ತಿ ಎದೆಗವಚಿಕೊಂಡಳು. ಗುಜ್ಜವ್ವ ಓಡಿಬಂದು ಅವಳನ್ನು ಒಳಗೆ ಎಳೆದೊಯ್ಯುವಷ್ಟರಲ್ಲಿ ದೊಡ್ಡಪತ್ರೆಯ ಪೊದೆಯೂ ಆ ಗಿಡವೂ ಸತ್ತಿದ್ದವು.

ಯುಗಾದಿಯ ಬೆಳಗು ಹರಿಯಿತು. ಹಿಮಕೇತು ಆಸ್ಥಾನಕ್ಕೆ ಬಂದು ಸಿಂಹಾಸನದ ಮೆಟ್ಟಿಲು ಹತ್ತಿದ. ಆ ಕೊನೆಯ ರಾತ್ರಿ ತಾನು ಸುರಿಸಿದ ಹಿಮದಲ್ಲಿ ಬಡವರ ಕಿಟಕಿಯ ಕುಡಿಗಳು ಉಳಿದಿರಲಾರವು ಎಂದೇ ಅವನು ನಂಬಿದ್ದ. ತಂದೆಯ ಪಕ್ಕದಲ್ಲಿ ಕೂತಿದ್ದ ಪದ್ಮಲೆ ಎದ್ದು ಕಿಟಕಿಯ ಪರದೆ ಸರಿಸಿ, ನೋಡು ಎಂದಳು.

ಬೀದಿಯುದ್ದಕ್ಕೂ ಒಂದೊಂದು ಕಿಟಕಿಯಲ್ಲೂ ಒಂದೊಂದು ಮಡಕೆಚೂರಿತ್ತು. ಕೆಲವು ಬರಿದಾಗಿದ್ದವು. ಉಳಿದವುಗಳಲ್ಲಿ ದಪ್ಪನೆಯ ಹಸಿರೆಲೆಗಳಿದ್ದವು. ಸೂರ್ಯನ ಮೊದಲ ಕಿರಣ ಅವುಗಳ ಮೇಲೆ ಬಿದ್ದಿತು.

ಹಿಮಕೇತುವಿನ ಆಣೆ ಅವನನ್ನೇ ಹಿಡಿಯಿತು. ಅವನ ಪಾದ ನೀರಾಯಿತು, ಮೊಣಕಾಲು ನೀರಾಯಿತು. ಬಾಯಿ ತೆರೆದನಾದರೂ ಮಂತ್ರ ಬರಲಿಲ್ಲ. ಮೆಟ್ಟಿಲಿನಿಂದ ಹರಿದ ನೀರನ್ನು ಗುಜ್ಜವ್ವ ಕಸಬರಿಗೆಯಿಂದ ಗುಡಿಸಿ ಹೊರಗೆ ಹಾಕಿದಳು.

ಹಿಮ ಕರಗಿತು, ಹೊಳೆ ಹರಿಯಿತು, ಹೊಲದಲ್ಲಿ ನೇಗಿಲು ಹೂಡಿದರು. ಊರವರು ಕೂಡಿ ಬಿಸಿಲುಮನೆಯನ್ನು ಮತ್ತೆ ಕಟ್ಟಿದರು, ಮೊದಲಿಗಿಂತ ದೊಡ್ಡದಾಗಿ, ಬಾಗಿಲಿಗೆ ಅಗುಳಿಯಿಲ್ಲದಂತೆ. ಮಾಗಿ ಬಂದಾಗ ಅಜ್ಜಿಯರು, ಮಕ್ಕಳು, ಬಾಣಂತಿಯರು ಅಲ್ಲಿ ಬಂದು ಬಿಸಿಲು ಕಾಯಿಸಿಕೊಳ್ಳುತ್ತಿದ್ದರು, ಬೀಜ ಬಿತ್ತುತ್ತಿದ್ದರು. ತುಹಿನಪುರ ಉಂಡು ಉಟ್ಟು ನಗುತ್ತ ಬಾಳಿತು. ಪದ್ಮಲೆಯೂ ಅವರ ನಡುವೆ ಸುಖವಾಗಿದ್ದಳು. ಅವ್ವನ ನೆನಪಾದ ದಿನ ಮಾತ್ರ ಮಾತು ಕಡಿಮೆ ಆಡುತ್ತಿದ್ದಳು.