ಎಡಗಾಲಿಗೊಂದು ಫ್ರೆಂಚ್ ಸೈಕಲ್

"ಇದನ್ನ ಗೋಡೆಗೆ ತೂಗುಹಾಕಿ ಮೇಡಂ. ಸಖತ್ತಾಗಿ ಕಾಣುತ್ತೆ."

ಧೃತಿ ಪುಟ್ಟೇನಹಳ್ಳಿಯ ಆ ಸೈಕಲ್ ಅಂಗಡಿಗೆ ಕಾಲಿಟ್ಟು ಎರಡು ನಿಮಿಷವೂ ಆಗಿರಲಿಲ್ಲ. ಆಟೋದಿಂದ ಇಳಿಸಿ ಹೆಗಲ ಮೇಲೆ ಹೊತ್ತು ತಂದ ಹಳೇ ನೀಲಿ ಸೈಕಲ್ಲನ್ನು ಇನ್ನೂ ಕೆಳಗೆ ಇಟ್ಟಿರಲಿಲ್ಲ. ಅಷ್ಟರಲ್ಲೇ ಈ ಮಾತು!

"ಗೋಡೆಗೆ ಹಾಕೋ ಹಾಗಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ? ಮೊಳೆ ಅಂಗಡಿಗೆ ಹೋಗ್ತಿದ್ದೆ."

ಬಗ್ಗಿ ಚಕ್ರದ ಕಡ್ಡಿ ಬಿಗಿಯುತ್ತಿದ್ದವನು ಆಗ ಪೂರ್ತಿ ತಲೆಯೆತ್ತಿದ. ಕೈತುಂಬ ಗ್ರೀಸು, ಹಣೆಯ ಮೇಲೊಂದು ಕರಿ ಗೆರೆ, ಕಣ್ಣಲ್ಲಿ ನಗು. ಆ ನಗು ಕಂಡು ಅವಳಿಗೆ ಇನ್ನಷ್ಟು ಉರಿಯಿತು. ಹೆಗಲ ಮೇಲೆ ಸೈಕಲ್ ಹೊತ್ತು ಜಗಳವಾಡುವುದು ಯಾರಿಗೂ ಸುಲಭವಲ್ಲ. ಆದರೂ ಇಳಿಸಲಿಲ್ಲ, ಹಟಮಾರಿ!

ಇಳಿಸಿಕೊಳ್ಳಲು ಅವನು ಎದ್ದು ಬಂದ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಆ ಹೆಜ್ಜೆಯಲ್ಲಿ ಅವಳ ಎಡಗಾಲು ಸ್ವಲ್ಪ ತಡವಾಗಿ ಬಂದದ್ದು ಅವನ ಕಣ್ಣಿಗೆ ಬಿತ್ತು. ಈಗ 'ಅಯ್ಯೋ ಪಾಪ' ಎನ್ನುತ್ತಾನೆ ಎಂದು ಅವಳು ಹಲ್ಲು ಕಚ್ಚಿ ಕಾದಳು.

ಅವನು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. "ನೀವೇ ಇಳಿಸಿ. ಸ್ಟ್ಯಾಂಡ್ ಅಲ್ಲಿದೆ."

ಇಷ್ಟೇ. ಆದರೆ ಎರಡು ವರ್ಷದಲ್ಲಿ ಯಾರೂ ಅವಳಿಗೆ ಹೀಗೆ ಹೇಳಿರಲಿಲ್ಲ.

ಅವನ ಹೆಸರು ಚೈತನ್ಯ. ಅವನ ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಾಲ್ಕಂತಸ್ತಿನ ಬಾಡಿಗೆ ಮನೆಗಳು ಎದ್ದಿವೆ. ಓನರ್ ಮಗ ಮೇಲೆ ಬಿಳೀ ಬಟ್ಟೆ ಹಾಕಿಕೊಂಡು ಕೂರುವುದು ಬಿಟ್ಟು ಕೆಳಗೆ ಗ್ರೀಸಿನಲ್ಲಿ ಹೊರಳಾಡುತ್ತಾನಲ್ಲ ಎಂಬುದು ತಾಯಿ ಲಕ್ಷ್ಮಿದೇವಮ್ಮನ ನಿತ್ಯದ ಗೊಣಗಾಟ.

ಧೃತಿ ಬನಶಂಕರಿಯ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳು. ಮನೆ ಜಯನಗರದಲ್ಲಿ. ಸೈಕಲ್ ಅವಳ ಅಪ್ಪ ಜಯಸಿಂಹ ಅವರದು. ಅವರ ಕಾರ್ಖಾನೆಯಲ್ಲಿದ್ದ ಫ್ರೆಂಚ್ ಎಂಜಿನಿಯರ್ ಒಬ್ಬ ಊರಿಗೆ ಮರಳುವಾಗ ಕೊಟ್ಟು ಹೋಗಿದ್ದ. ಪ್ರತಿ ಧನುರ್ಮಾಸದಲ್ಲಿ, ಸೂರ್ಯ ಹುಟ್ಟುವ ಮುಂಚೆ, ಆ ಸೈಕಲ್ ಮೇಲೆ ಅವರು ಹನುಮಂತನಗರದ ಗುಡ್ಡದ ದೇವಸ್ಥಾನಕ್ಕೆ ಹೋಗಿ ಸ್ಟೀಲ್ ಡಬ್ಬಿಯಲ್ಲಿ ಹುಗ್ಗಿ ಪ್ರಸಾದ ತರುತ್ತಿದ್ದರು. ಮುಂದಿನ ಬಾರ್ ಮೇಲೆ ಕುಳಿತು ಚಳಿಗೆ ಗಡಗಡ ನಡುಗುತ್ತಿದ್ದ ಪುಟ್ಟ ಹುಡುಗಿ ಇದೇ ಧೃತಿ.

ಎರಡು ವರ್ಷದ ಹಿಂದೆ, ಅಕ್ಕಪಕ್ಕ ನೋಡದೆ ತಿರುಗಿದ ಕಾರೊಂದು ಅವಳನ್ನು ಅವಳ ಸ್ವಂತ ಸೈಕಲ್ ಸಮೇತ ಎತ್ತಿ ಹಾಕಿತ್ತು. ಎಡತೊಡೆಗೆ ರಾಡ್ ಹಾಕಿದರು. ಮೂಳೆ ಕೂಡಿತು, ಕಾಲಿನ ಭಯ ಹೋಗಲಿಲ್ಲ. ಅವಳು ಆಸ್ಪತ್ರೆಯಲ್ಲಿದ್ದಾಗ ಅಮ್ಮ ಸರಸ್ವತಿ ಆ ಸೈಕಲ್ಲನ್ನು ಯಾರಿಗೋ ಕೊಟ್ಟುಬಿಟ್ಟು, ರಿಪೇರಿಗೆ ಹೋಗಿದೆ ಎಂದು ಆರು ತಿಂಗಳು ಸುಳ್ಳು ಹೇಳಿದ್ದರು. ಮಗಳ ಒಳ್ಳೆಯದಕ್ಕೇ. ಮನೆಯಲ್ಲಿ ಈಗ ಎಲ್ಲವೂ ಅವಳ ಒಳ್ಳೆಯದಕ್ಕಾಗಿ ಅವಳ ಬೆನ್ನ ಹಿಂದೆಯೇ ನಡೆಯುತ್ತಿತ್ತು.

"ಇದನ್ನ ಫಿಕ್ಸೆಡ್ ಗೇರ್ ಮಾಡ್ಕೊಡಿ," ಎಂದಳು ಧೃತಿ. "ಧನುರ್ಮಾಸದ ಮೊದಲನೇ ದಿನ ಗುಡ್ಡಕ್ಕೆ ಹೋಗ್ಬೇಕು. ಇನ್ನು ಇಪ್ಪತ್ತೈದು ದಿನ ಇದೆ."

ಚೈತನ್ಯ ಅವಳನ್ನೇ ನೋಡಿದ. ಫಿಕ್ಸೆಡ್ ಗೇರ್ ಎಂದರೆ ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ಸುಮ್ಮನೆ ಕಾಲಿಟ್ಟುಕೊಂಡು ಜಾರಿಹೋಗುವ ಮಾತೇ ಇಲ್ಲ. ಹೊಸಬರು ಬೀಳುವುದೇ ಅಲ್ಲಿ.

"ಹಳೇ ಗೇರಿಗೆ ಪಾರ್ಟ್ಸ್ ಸಿಗಲ್ಲ, ಅದು ನಿಜ. ಆದ್ರೆ ಒಂದೇ ಗೇರ್ ಹಾಕಿ ಸಾಮಾನ್ಯ ಸೈಕಲ್ ಮಾಡ್ಬಹುದಲ್ಲ? ಫಿಕ್ಸೆಡ್ ಯಾಕೆ?"

"ಮಾಮೂಲಿ ಸೈಕಲ್ಲಲ್ಲಿ ಹೆದರಿಕೆ ಆದ ತಕ್ಷಣ ನನ್ನ ಎಡಗಾಲು ನಿಂತುಬಿಡುತ್ತೆ. ನಿಲ್ಲೋಕೆ ಬಿಡದೇ ಇರೋ ಸೈಕಲ್ ಬೇಕು ನಂಗೆ." ಸ್ವಲ್ಪ ತಡೆದು ಸೇರಿಸಿದಳು, "ನಮ್ಮಪ್ಪ ಚಳಿಗಾಲ ಪೂರ್ತಿ ಫಿಕ್ಸೆಡ್ ಓಡಿಸ್ತಿದ್ರಂತೆ. ಅದರ ಮೇಲೆ ಕಾಲಿಗೆ ರಜೆ ಇಲ್ಲ ಅಂತಾರೆ."

ಅವನ ನಗು ಈಗ ಬೇರೆ ತರಹ ಇತ್ತು. "ಮುಂದಿನ ಬ್ರೇಕ್ ಮಾತ್ರ ತೆಗೆಯಲ್ಲ. ಒಪ್ಪಿಗೆನಾ?"

ಅವಳು ಒಪ್ಪಿದಳು. ಕೆಲಸದಲ್ಲಿ ತಾನೂ ಸೇರುತ್ತೇನೆಂದು ತನ್ನ ಷರತ್ತೂ ಹಾಕಿದಳು.

ಅಂದಿನಿಂದ ಕಾಲೇಜು ಮುಗಿದದ್ದೇ ಅವಳು ಪುಟ್ಟೇನಹಳ್ಳಿಗೆ ಬರತೊಡಗಿದಳು. ತುಕ್ಕು ಬಿಡಿಸುವುದು ಕೆಮಿಸ್ಟ್ರಿ ಮೇಡಂ ಪಾಲಿಗೆ ಬಂತು. ಬಕೆಟ್ಟಿನಲ್ಲಿ ವಿನಿಗರ್ ಸುರಿದು ಹ್ಯಾಂಡಲ್ಲು, ಬೋಲ್ಟು, ಪೆಡಲ್ಲು ಎಲ್ಲ ನೆನೆಹಾಕಿದಳು. ಅಂಗಡಿಯಲ್ಲಿ ಯಾರೋ ಉಪ್ಪಿನಕಾಯಿ ಹಾಕಿದ ಹಾಗಿದೆ ಎಂದು ಲಕ್ಷ್ಮಿದೇವಮ್ಮ ಮೂಗು ಮುಚ್ಚಿಕೊಂಡು ಇಳಿದು ಬಂದವರು, ತುಕ್ಕಿನಡಿಯಿಂದ ಹೊಳೆಯುವ ಹ್ಯಾಂಡಲ್ ಕಂಡು, ಮನೆಯ ಹಿತ್ತಾಳೆ ದೀಪಕ್ಕೂ ಇದು ಆಗುತ್ತದೆಯೇ ಎಂದು ವಿಚಾರಿಸಿ ಹೋದರು.

ಎಂಟನೇ ದಿನಕ್ಕೆ 'ಮೇಡಂ' ಹೋಗಿ 'ಧೃತಿ' ಬಂದಿತ್ತು. ಹತ್ತನೇ ದಿನ ಅವನ ಹಣೆಯ ಗ್ರೀಸನ್ನು ಅವಳೇ ಕರ್ಚೀಫಿನಿಂದ ಒರೆಸಿದಳು. ಒರೆಸಿ ಆದಮೇಲೆ ಆ ಕರ್ಚೀಫನ್ನು ತೊಳೆಯದೆ ಚೀಲಕ್ಕಿಟ್ಟುಕೊಂಡಳು.

'ಸೈಕಲ್ ಬೇಗ ರೆಡಿಯಾಗ್ಲಿ ಅಂತ ಆಸೆ... ಆದ್ರೆ ರೆಡಿಯಾದ ಮೇಲೆ ಇಲ್ಲಿಗೆ ಯಾವ ನೆಪದಲ್ಲಿ ಬರೋದು?' ಮನೆಗೆ ಹೋಗುವ ಬಸ್ಸಿನಲ್ಲಿ ಅವಳಿಗೆ ಇದೇ ಯೋಚನೆಯಾಗಿತ್ತು.

ಉಳಿದದ್ದು ಒಂದೇ ಕೆಲಸ. ಪೆಡಲಿನ ಅಚ್ಚು ಕೂರುವುದು ಎರಡು ಉಕ್ಕಿನ ಕಪ್‌ಗಳ ನಡುವೆ. ಎಡಗಡೆಯದು ಸಲೀಸಾಗಿ ಬಂತು. ಬಲಗಡೆಯದು ಜಪ್ಪಯ್ಯ ಎಂದರೂ ಅಲುಗಲಿಲ್ಲ. "ಬಲಗಡೆ ಕಪ್ ಯಾವಾಗ್ಲೂ ಉಲ್ಟಾ, ಗಡಿಯಾರದ ಮುಳ್ಳು ಹೋಗೋ ಕಡೆ ತಿರುಗಿಸಿದ್ರೆ ಬಿಚ್ಚುತ್ತೆ," ಎಂದ ಚೈತನ್ಯ. ಹತ್ತು ವರ್ಷದಲ್ಲಿ ಬಿಚ್ಚಿದ ಸಾವಿರ ಸೈಕಲ್ಲಿನ ಭರವಸೆ ಆ ದನಿಯಲ್ಲಿತ್ತು. ನಾಳೆ ಪೈಪ್ ಹಾಕಿ ಎಳೆದರೆ ಮುಗಿಯಿತು ಎಂದು ಅವಳನ್ನು ಕಳಿಸಿಕೊಟ್ಟ.

ಆಮೇಲೆ ಅವನು ಫೋನ್ ಎತ್ತಲಿಲ್ಲ. ಮೂರನೇ ದಿನ ಒಂದು ಮೆಸೇಜ್ ಬಂತು. 'ಸ್ವಲ್ಪ ಲೇಟ್ ಆಗುತ್ತೆ ಮೇಡಂ.'

ಮೇಡಂ! ಅವಳು ಮೆಸೇಜನ್ನು ಮತ್ತೊಮ್ಮೆ ಓದಿದಳು.

ಭಾನುವಾರ ಬೆಳಿಗ್ಗೆಯೇ ಹೋದಳು. ಶಟರ್ ಇಳಿದಿತ್ತು. ಮೇಲಿನಿಂದ ಲಕ್ಷ್ಮಿದೇವಮ್ಮ ಬಗ್ಗಿ, ಆ ಫ್ರೆಂಚ್ ಸೈಕಲ್ಲನ್ನು ವಿಲ್ಸನ್ ಗಾರ್ಡನ್ ರವಿಕುಮಾರ್ ಸಾರ್ ಮನೆಗೆ ಒಯ್ದಿದ್ದಾನೆ, ಹಳೇ ಸೈಕಲ್ ಎಲ್ಲಿದ್ದರೂ ಕೊಂಡುಕೊಳ್ಳುವವರು ಅವರು, ಇದರ ಫೋಟೋ ನೋಡಿ ವಾರದಿಂದ ಕೇಳುತ್ತಿದ್ದರು ಎಂದರು. ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು. ಆದರೆ ಧೃತಿಗೆ ಕೇಳಿಸಿದ್ದೇ ಬೇರೆ.

'ಮಾರಿಬಿಟ್ಟ... ಇವಳ ಕೈಲಿ ಇದೆಲ್ಲಿ ಆಗುತ್ತೆ ಅಂತ ಇವನೂ ಅಂದ್ಕೊಂಡ. ಅಮ್ಮನ ಹಾಗೇ!'

ಅಳು ಬಂತು. ಅಳಲಿಲ್ಲ. ಆಟೋ ಹತ್ತಿ ವಿಲ್ಸನ್ ಗಾರ್ಡನ್ ಎಂದಳು.

ರವಿಕುಮಾರ್ ಮನೆಯ ಕಾರ್ ಶೆಡ್ಡಿನಲ್ಲಿ ಕಾರಿರಲಿಲ್ಲ, ಸೈಕಲ್ಲುಗಳಿದ್ದವು. ಗೋಡೆಯ ಕೊಕ್ಕೆಯೊಂದರಲ್ಲಿ ಅವಳ ನೀಲಿ ಸೈಕಲ್ ನೇತಾಡುತ್ತಿತ್ತು. ಗೋಡೆಗೆ! ಅದರ ಕೆಳಗೆ ನೆಲದಲ್ಲಿ ಕುಳಿತು ಚೈತನ್ಯ ಬೇರೆ ಯಾವುದೋ ಸೈಕಲ್ಲಿನ ಚೈನ್ ಉಜ್ಜುತ್ತಿದ್ದ.

"ಎಷ್ಟಕ್ಕೆ ಮಾರಿದ್ರಿ?"

ಅವನು ಬೆಚ್ಚಿ ಎದ್ದ. "ಮಾರಿಲ್ಲ ಧೃತಿ. ಕೆಡಿಸಿದೆ."

ಆಮೇಲೆ ಎಲ್ಲ ಹೇಳಿದ, ಒಂದು ಸಲವೂ ತಲೆಯೆತ್ತದೆ. ಅವನಿಗೆ ಗೊತ್ತಿದ್ದ ಸೈಕಲ್ಲುಗಳಲ್ಲೆಲ್ಲ ಬಲಗಡೆಯ ಕಪ್ ಉಲ್ಟಾ ಬಿಚ್ಚುತ್ತದೆ. ಆ ಕಾಲದ ಫ್ರೆಂಚ್ ಸೈಕಲ್ಲಿನಲ್ಲಿ ಮಾತ್ರ ಎರಡೂ ಕಡೆ ಒಂದೇ ರೀತಿ. ಅದು ತಿಳಿಯದೆ ನಾಲ್ಕಡಿ ಪೈಪ್ ಸಿಕ್ಕಿಸಿ ಎರಡು ದಿನ ಜಗ್ಗಿದ್ದ. "ಬಿಚ್ತಾ ಇದೀನಿ ಅಂದ್ಕೊಂಡು ಬಿಗೀತಾ ಇದ್ದೆ." ಕಪ್ ಒಡೆಯಿತು. ಫ್ರೇಮಿನ ಒಳಗೆ ಕಪ್ ಕೂರುವ ಸ್ಕ್ರೂ ಥ್ರೆಡ್ ಅರ್ಧ ನುಜ್ಜಾಯಿತು. ಆ ಥ್ರೆಡ್ ಸರಿಮಾಡುವ ಫ್ರೆಂಚ್ ಟೂಲು, ಒಂದು ಹಳೇ ಕಪ್, ಎರಡೂ ಇದ್ದದ್ದು ರವಿಕುಮಾರ್ ಹತ್ತಿರ ಮಾತ್ರ. ಅವರು ಏನನ್ನೂ ಮಾರುವವರಲ್ಲ. ಟೂಲು, ಕಪ್ ಬೇಕಿದ್ದರೆ ತಮ್ಮ ಹನ್ನೊಂದು ಸೈಕಲ್ಲೂ ಬಿಚ್ಚಿ ಸರ್ವಿಸ್ ಮಾಡಿಕೊಡಬೇಕು ಎಂದಿದ್ದರು. ಏಳು ಮುಗಿದಿತ್ತು.

ಅವಳ ಸಿಟ್ಟು ಮಾತ್ರ ಇಳಿಯಲಿಲ್ಲ.

"ನಂಗ್ಯಾಕೆ ಹೇಳ್ಲಿಲ್ಲ? ಕಾಲು ಕುಂಟೋ ಹುಡುಗಿ, ಪಾಪ, ನೊಂದ್ಕೋತಾಳೆ ಅಂತಾನಾ?"

ಚೈತನ್ಯನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಇದಕ್ಕೂ ನಿಮ್ಮ ಕಾಲಿಗೂ ಏನ್ ಸಂಬಂಧ? ನನ್ನ ಮಾನ ಹೋಗುತ್ತಲ್ಲ ಅಂತ ಹೇಳ್ಲಿಲ್ಲ. ಹತ್ತು ವರ್ಷದ ಮೆಕ್ಯಾನಿಕ್ಕು, ಉಲ್ಟಾ ತಿರುಗಿಸಿದ ಅಂದ್ರೆ... ಅದೂ ನಿಮ್ಮ ಮುಂದೆ."

ಎರಡು ವರ್ಷದಲ್ಲಿ ಧೃತಿಯಿಂದ ಎಷ್ಟೋ ಜನ ಎಷ್ಟೋ ಮುಚ್ಚಿಟ್ಟಿದ್ದರು, ಎಲ್ಲರೂ ಕನಿಕರದಿಂದ. ಬರೀ ತನ್ನ ಜಂಬಕ್ಕಾಗಿ ಮುಚ್ಚಿಟ್ಟವನು ಇವನೊಬ್ಬನೇ. ಯಾರಿಗಾದರೂ ಹೇಳಿದರೆ ನಕ್ಕಾರು, ಆದರೆ ಅವಳಿಗೆ ಆ ಕ್ಷಣ ಅಪ್ಪಟ ಸುಖವಾಯಿತು. ತಡೆದಿಟ್ಟಿದ್ದ ಅಳುವೂ ಆಗಲೇ ಹೊರಗೆ ಬಂತು.

"ಇನ್ನು ನಾಲ್ಕು ತಾನೆ ಉಳಿದಿರೋದು?" ಕಣ್ಣೊರೆಸಿಕೊಂಡು ಕುರ್ತಾದ ತೋಳು ಮಡಚಿದಳು. "ಬಟ್ಟೆ ಕೊಡಿ, ನಾನೂ ಉಜ್ತೀನಿ. ಒಂದು ಮಾತು ಮಾತ್ರ ಕೊಡ್ಬೇಕು. ಆವತ್ತು ಗುಡ್ಡದ ಏರಲ್ಲಿ ನಂಗೆ ಏನೇ ಆಗ್ಲಿ, ನನ್ನ ಬೆನ್ನಿಗೆ ಕೈ ಹಾಕ್ಬಾರ್ದು."

ಅವನು ಮಾತು ಕೊಟ್ಟ. ಆ ಮಾತಿನ ಭಾರ ಅವನಿಗೆ ಆಗ ತಿಳಿಯಲಿಲ್ಲ.

ಥ್ರೆಡ್ ಸರಿಹೋಯಿತು. ಬಲಗಡೆಯ ಕಪ್ಪನ್ನು ಬಿಗಿದದ್ದು ಧೃತಿಯೇ, ಅವನು ಪಕ್ಕದಲ್ಲಿ ನಿಂತು ದಿಕ್ಕನ್ನು ಮೂರು ಸಲ ಹೇಳಿದ. ಸೈಕಲ್ಲಿಗೆ ಜೀವ ಬಂದಮೇಲೆ ಪುಟ್ಟೇನಹಳ್ಳಿ ಕೆರೆಯ ಪಕ್ಕದ ಸಮತಟ್ಟು ರಸ್ತೆಯಲ್ಲಿ ನಾಲ್ಕು ಸಂಜೆ ಅಭ್ಯಾಸ ಮಾಡಿದಳು. ಎರಡು ಸಲ ಬಿದ್ದಳು, ಎರಡು ಸಲವೂ ತಾನೇ ಎದ್ದಳು.

ಧನುರ್ಮಾಸದ ಮೊದಲ ದಿನ. ಬೆಳಗಿನ ಐದು ಗಂಟೆ. ಜಯನಗರದ ಮರಗಳ ಕೆಳಗೆ ಮಂಜು ತುಂಬಿತ್ತು. ಜಯಸಿಂಹ ಶಾಲು ಹೊದ್ದು ಟಯರ್ ಒತ್ತಿ ನೋಡಿ ತಲೆಯಾಡಿಸಿದರು. ರಾತ್ರಿಯಿಡೀ ಮಗಳೊಡನೆ ಮಾತು ಬಿಟ್ಟಿದ್ದ ಸರಸ್ವತಿ ಗೇಟಿನವರೆಗೆ ಬಂದರು. ಈಗ ತಡೆಯುತ್ತಾರೆ ಎಂದುಕೊಂಡಳು ಧೃತಿ. ಅವರು ಸೆರಗಿನಡಿಯಿಂದ ಆ ಹಳೇ ಸ್ಟೀಲ್ ಡಬ್ಬಿ ತೆಗೆದು ಅವಳ ಚೀಲಕ್ಕಿಟ್ಟರು.

"ನಿನ್ನ ಸೈಕಲ್ ಕೊಟ್ಟುಬಿಟ್ಟಿದ್ದು ನನ್ನ ತಪ್ಪು," ಎಂದರು. "ಹುಗ್ಗಿ ಬಿಸಿ ಇರೋವಾಗ್ಲೇ ತಗೊಂಡ್ಬಾ."

ನೆಟ್ಟಕಲ್ಲಪ್ಪ ಸರ್ಕಲ್, ಎನ್.ಆರ್. ಕಾಲೋನಿ... ಅಲ್ಲಿಯವರೆಗೆ ಎಲ್ಲ ಸಲೀಸು. ಚೈತನ್ಯ ತನ್ನ ಸೈಕಲ್ಲಿನಲ್ಲಿ ಹತ್ತಡಿ ಹಿಂದೆ ಬರುತ್ತಿದ್ದ. ಹನುಮಂತನಗರದ ಏರು ಶುರುವಾಯಿತು. ಎಡತೊಡೆ ನಡುಗತೊಡಗಿತು. ಹಿಂದಿನಿಂದ ಹಾಲಿನ ಗಾಡಿಯೊಂದು ಹಾರ್ನ್ ಹೊಡೆಯಿತು.

ಆ ಸದ್ದಿಗೆ ಹಳೆಯದೆಲ್ಲ ಒಮ್ಮೆಲೇ ನುಗ್ಗಿ ಬಂತು. ಅವಳು ಬ್ರೇಕ್ ಹಿಡಿದಳು. ಸೈಕಲ್ ನಿಂತು ಒಂದು ಕಾಂಪೌಂಡಿಗೆ ಒರಗಿತು.

ಚೈತನ್ಯನೂ ನಿಂತ. ಹತ್ತಡಿ ದೂರದಲ್ಲೇ. ಅವಳ ಹೆಗಲು ಏರಿಳಿಯುವುದು ಬೀದಿದೀಪದಲ್ಲಿ ಕಾಣುತ್ತಿತ್ತು. ಅವನ ಕಾಲು ತಾನಾಗಿ ಒಂದು ಹೆಜ್ಜೆ ಮುಂದೆ ಹೋಯಿತು, ಮತ್ತೆ ಹಿಂದೆ ಬಂತು. ಅವನು ಕೈ ಕಟ್ಟಿಕೊಂಡ.

ಧೃತಿ ತಿರುಗಿ ನೋಡಲಿಲ್ಲ. 'ಅವನು ಬರಲ್ಲ. ಮಾತು ಕೊಟ್ಟಿದಾನೆ. ಅಂದ್ರೆ ನಾನು ಹತ್ತಬಲ್ಲೆ ಅಂತ ಅವನು ನಂಬಿದಾನೆ...' ಸೈಕಲ್ಲನ್ನು ಫುಟ್‌ಪಾತಿನ ಅಂಚಿಗೆ ತಂದಳು. ಬಲಗಾಲು ರಸ್ತೆಗೆ ಊರಿದಳು. ಎಡಗಾಲನ್ನು, ಆ ಮೈಗಳ್ಳ ಎಡಗಾಲನ್ನೇ, ಮೊದಲು ಪೆಡಲ್ ಮೇಲಿಟ್ಟು ಪೂರ್ತಿ ಭಾರ ಹಾಕಿ ತುಳಿದಳು.

ಚಕ್ರ ತಿರುಗಿತು. ಒಂದು ಸುತ್ತು, ಇನ್ನೊಂದು. ನಿಲ್ಲಲು ಸೈಕಲ್ ಬಿಡಲಿಲ್ಲ, ಅವಳೂ ಬಿಡಲಿಲ್ಲ. ಮೇಲೆ ದೇವಸ್ಥಾನದ ಗಂಟೆ ಕೇಳಿಸುವಷ್ಟು ಹತ್ತಿರ ಬಂದಾಗ ಅವಳಿಗೆ ತಾನು ಜೋರಾಗಿ ನಗುತ್ತಿರುವುದು ಗೊತ್ತಾಯಿತು.

ಪೂಜೆ ಮುಗಿದು, ಡಬ್ಬಿ ತುಂಬಿಸಿಕೊಂಡು, ಇಬ್ಬರೂ ಮೆಟ್ಟಿಲ ಮೇಲೆ ದೊನ್ನೆ ಹಿಡಿದು ಕುಳಿತರು. ಬಿಸಿ ಹುಗ್ಗಿಯಿಂದ ಹಬೆ ಏಳುತ್ತಿತ್ತು. ಚೈತನ್ಯನ ದೊನ್ನೆ ಅಲುಗುತ್ತಿತ್ತು.

"ಏರು ಹತ್ತಿದ್ದು ನಾನು. ನಡುಕ ನಿಮಗ್ಯಾಕೆ?"

"ಆವಾಗ ಕೈ ಕಟ್ಕೊಂಡು ನಿಂತಿದ್ನಲ್ಲ... ಅಷ್ಟು ಕಷ್ಟದ ಕೆಲಸ ನಾನು ಜೀವನದಲ್ಲೇ ಮಾಡಿಲ್ಲ." ಅವನು ದೊನ್ನೆ ಕೆಳಗಿಟ್ಟ. "ನೀನಂದ್ರೆ ನಂಗೆ ಜೀವ, ಧೃತಿ. ಇದನ್ನೂ ಮುಚ್ಚಿಟ್ಟು ಆಮೇಲೆ ಬೈಸ್ಕೊಳ್ಳೋಕೆ ಇಷ್ಟ ಇಲ್ಲ."

ಅವಳು ಹುಗ್ಗಿಯ ಒಂದು ತುತ್ತು ಬಾಯಿಗಿಟ್ಟುಕೊಂಡಳು. ಕಣ್ಣು ತುಂಬಿತ್ತು, ತುಟಿಯಲ್ಲಿ ತುಂಟತನವಿತ್ತು.

"ಧನುರ್ಮಾಸ ಇನ್ನೂ ಇಪ್ಪತ್ತೊಂಬತ್ತು ದಿನ ಇದೆ. ದಿನಾ ಬರ್ತೀಯಾ?"

"ಬರ್ತೀನಿ. ಆಮೇಲೆ?"

"ಆಮೇಲೆ ಸಂಕ್ರಾಂತಿ. ಎಳ್ಳು ಬೀರೋಕೆ ನಿಮ್ಮಮ್ಮನ್ನ ನಮ್ಮನೆಗೆ ಕರ್ಕೊಂಡು ಬಾ."

ಅವನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದ ಮೇಲೆ ಮುಖ ಮುಚ್ಚಿಕೊಂಡು ನಕ್ಕುಬಿಟ್ಟ. ಅವಳು ಎದ್ದು ಸಲ್ವಾರ್ ಕೊಡವಿಕೊಂಡು, ಮೆಟ್ಟಿಲಿಳಿಯಲು ಕೈ ಚಾಚಿದಳು.

"ಕೈ ಕೊಡು."

"ಮುಟ್ಬಾರ್ದು ಅಂತ ಮಾತಾಗಿತ್ತಲ್ಲ?"

"ಅದು ಏರಲ್ಲಿ," ಎಂದಳು ಧೃತಿ. "ಈಗ ನಂಗೇ ಬೇಕು."